ಬಣ್ಣಕ್ಕೆ ಮೊದಲು ಬಾಗಿಲು ಕೂಡಲಿ

ನಮ್ಮದು ಕಬ್ಬಿಣದ ಸಾಮಾನಿನ ಅಂಗಡಿ. ಮಂಜೇಶ್ವರ ಸೀಮೆಯಲ್ಲಿ 40 ವರ್ಷಗಳಿಂದ ಸ್ಕ್ರೂ, ಬಿಜಾಗರಿ, ಚಿಲಕಗಳನ್ನು ಎಣಿಸಿ ಕೊಟ್ಟವರು ನಾವು. ಅಂಥ ನಾವೇ ನಮ್ಮ ಮನೆಯ ಕಾರಿನ ಸ್ಕ್ರೂಗಳ ಲೆಕ್ಕ ತಪ್ಪಿದ ಸಂಗತಿಯನ್ನು ಹೇಳಲು ಸಂಕೋಚವಾಗುತ್ತದೆ. ಆದರೆ ಸಮಾಜ ಬಾಂಧವರ ಎಷ್ಟೋ ಮನೆಗಳಲ್ಲಿ ಹಿರಿಯರ ಕಾಲದ ಫಿಯೆಟ್ಟೋ ಅಂಬಾಸಿಡರೋ ಟಾರ್ಪಾಲಿನಡಿ ನಿಂತಿರುವುದರಿಂದ, ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮ ತೀರ್ಥರೂಪರು 1976ರಲ್ಲಿ ಪ್ರೀಮಿಯರ್ ಪದ್ಮಿನಿ ಕೊಂಡರು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಕಾರು ಜಿಲ್ಲೆಗಿಂತ 8 ವರ್ಷ ಹಿರಿಯದು! ಅದನ್ನು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು 1944ರಲ್ಲಿ ಕಟ್ಟಿದವರು ಸೋಲಾಪುರದ ಜೈನ ಮನೆತನದ ವಾಲ್‌ಚಂದ್ ಹೀರಾಚಂದರು. 1940ರಲ್ಲಿ ಮೈಸೂರು ಸಂಸ್ಥಾನದ ಸಹಯೋಗದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದವರೂ ಅವರೇ. ಆ ಅಭಿಮಾನ ತೀರ್ಥರೂಪರಿಗೆ ಬಹಳ. ಬಂಗ್ರ ಮಂಜೇಶ್ವರದ ಬಸದಿಗೆ, ಮೂಡುಬಿದಿರೆಗೆ, ಕಾರ್ಕಳಕ್ಕೆ ಮನೆಮಂದಿಯೆಲ್ಲ ಅದರಲ್ಲೇ ಹೋಗುತ್ತಿದ್ದೆವು.

ಅವರು ತೀರಿಕೊಂಡ ಮೇಲೆ ಕಾರು ನಿಂತೇ ಹೋಯಿತು. ಧರ್ಮಸ್ಥಳದಲ್ಲಿ ಪೂಜ್ಯ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹ ನೋಡಿ ಬಂದ ನಮ್ಮ ಮೊಮ್ಮಗ, "ಅಜ್ಜ, ನಮ್ಮದನ್ನೂ ಹೀಗೆ ಮಾಡುವ" ಎಂದ. ಆ ಮಾತು ಮನಸ್ಸಿಗೆ ತಾಗಿತು. ಕಾರನ್ನು ಒಂದು ವರ್ಕ್‌ಶಾಪಿಗೆ ಕೊಟ್ಟೆವು.

ಅಲ್ಲಿ ಹಿಡಿ, ಲಾಕು, ಬಿಜಾಗರಿ, ಬೀಡಿಂಗ್ ಎಲ್ಲವನ್ನೂ ಬಿಚ್ಚಿ ಒಂದೇ ಗೋಣಿಗೆ ತುಂಬಿದರು. ದಶಲಕ್ಷಣ ಪರ್ವದೊಳಗೆ ಕಾರು ಬೇಕೆಂಬ ಆತುರದಲ್ಲಿ ನಾವು ನೋಡಿಯೂ ಸುಮ್ಮನಿದ್ದೆವು. ಮೊದಲು ಬಣ್ಣ, ಆಮೇಲೆ ಜೋಡಣೆ ಎಂದಾಯಿತು. ಮನೆಗೆ ಬಂದಾಗ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಂದಿನ ಬಾಗಿಲು ಮಾತ್ರ ಜೋರಾಗಿ ಬಡಿದರಷ್ಟೇ ನಿಲ್ಲುತ್ತಿತ್ತು.

ಮೂಡುಬಿದಿರೆಗೆ ಹೊರಟ ದಿನ ಒಂದು ತಿರುವಿನಲ್ಲಿ ಆ ಬಾಗಿಲು ತಾನಾಗಿ ತೆರೆದುಕೊಂಡಿತು. ಮೊಮ್ಮಗ ಅದಕ್ಕೇ ಒರಗಿ ಕುಳಿತಿದ್ದ. ಅವನ ಅಜ್ಜಿ ಅಂಗಿ ಹಿಡಿದು ಎಳೆದುದರಿಂದ ಮಗು ಉಳಿಯಿತು. ಅಂದು ಮುಂದೆ ಹೋಗಲಿಲ್ಲ. ಬಾಗಿಲನ್ನು ಹಗ್ಗದಿಂದ ಕಟ್ಟಿ, ಮೆಲ್ಲನೆ ಮನೆಗೆ ತಿರುಗಿದೆವು.

ಮರುವಾರ ವೃದ್ಧ ಟಿಂಕರ್ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಬಾಗಿಲನ್ನು ಎತ್ತಿ ಇಳಿಸಿ ನೋಡಿ, "ಧನಿಗಳೇ, ಬಿಜಾಗರಿಯ ಅಡಿಯ ತಗಡು ಎಲ್ಲಿ?" ಎಂದರು. ಕಾರ್ಖಾನೆಯವರು ಅಂತರ ಸರಿಮಾಡಲು ಇಟ್ಟಿದ್ದ ತೆಳು ತಗಡಿನ ತುಂಡುಗಳು ಆ ಗೋಣಿಯಲ್ಲೇ ಕಳೆದಿದ್ದವು. ಬಾಗಿಲು ತುಸು ಜಗ್ಗಿತ್ತು. ಲಾಕು ಕಂಬದ ಮೇಲಿನ ಕೊಂಡಿಯ ಅಂಚನ್ನಷ್ಟೇ ಕಚ್ಚುತ್ತಿತ್ತು. ಎರಡು ಬಾರಿ "ಟಕ್" ಎನ್ನಬೇಕಾದ ಲಾಕು ಒಂದೇ ಬಾರಿ ಎನ್ನುತ್ತಿತ್ತು. ನಮಗೆ ಅದು ಕೇಳಿಸಿತ್ತು. ಕೇಳಿಯೂ ಹೊರಟದ್ದು ನಮ್ಮದೇ ತಪ್ಪು.

ಮೇಸ್ತ್ರಿಯವರಿಂದ ಕಲಿತದ್ದು ಇಷ್ಟು. ಬಿಚ್ಚುವಾಗ ಪ್ರತಿ ಬಾಗಿಲಿನ ಸಾಮಾನನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಬೇಕು. ಎಡದ್ದು ಬಲಕ್ಕೆ ಕೂಡುವುದಿಲ್ಲ. ಬಣ್ಣಕ್ಕೆ ಮೊದಲೇ ಹಳೆಯ ಬಿಜಾಗರಿ, ಲಾಕು, ಹೊಸ ರಬ್ಬರ್ ಬೀಡಿಂಗ್ ಸಮೇತ ಒಮ್ಮೆ ಎಲ್ಲ ಜೋಡಿಸಿ ನೋಡಬೇಕು. ಬೀಡಿಂಗ್ ದಪ್ಪವಾದರೂ ಬಾಗಿಲು ಕೂಡುವುದಿಲ್ಲ. ಮೊದಲು ಹಿಂದಿನ ಬಾಗಿಲು, ಅದಕ್ಕೆ ಸರಿಯಾಗಿ ಮುಂದಿನ ಬಾಗಿಲು, ಅದಕ್ಕೆ ಸರಿಯಾಗಿ ಮಡ್‌ಗಾರ್ಡು, ಕೊನೆಗೆ ಬಾನೆಟ್. ಅಂತರವೆಲ್ಲ ಸಮವಾದ ಮೇಲೆ ಬಿಚ್ಚಿ ಬಣ್ಣ ಹಾಕಿಸಬೇಕು.

ಬಣ್ಣ ಚೆನ್ನಾಗಿ ಗಟ್ಟಿಯಾದ ಬಳಿಕ ಅಂಚುಗಳಿಗೆ ಕಾಗದದ ಟೇಪು ಅಂಟಿಸಿ ಪುನಃ ಜೋಡಿಸಬೇಕು. ಹಿಡಿಯ ಅಡಿಗೆ ರಬ್ಬರ್ ಇರಲೇಬೇಕು. ಇಲ್ಲವಾದರೆ ಬಣ್ಣ ಒಡೆದು ನೀರು ಇಳಿಯುತ್ತದೆ. ಎರಕದ ಹಿಡಿಯನ್ನು ಅತಿಯಾಗಿ ಬಿಗಿದರೆ ಸೀಳುತ್ತದೆ. ಸ್ಕ್ರೂಗಳಿಗೆ ಗ್ರೀಸ್ ಹಚ್ಚಬೇಕು. ಗಾಜಿನ ರಬ್ಬರಿನ ಸಂದಿಯಲ್ಲಿ ದಾರ ಸುತ್ತಿ, ಸಾಬೂನು ನೀರು ಸವರಿ, ಒಳಗಿನಿಂದ ದಾರ ಎಳೆದರೆ ರಬ್ಬರಿನ ತುಟಿ ತಾನಾಗಿ ಕೂರುತ್ತದೆ. ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನು ಮುಚ್ಚಬಾರದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಮೇಲೆ ಕಡಲಿನ ಉಪ್ಪುಗಾಳಿ ಇರುವ ನಮ್ಮೂರಲ್ಲಿ ಬಾಗಿಲು ಕೊಳೆಯುವುದು ತಳದಿಂದಲೇ.

ಹಳೆಯ ಸಾಮಾನು ಉಳಿಸಲು ಇನ್ನೊಂದು ಕಾರಣವೂ ಇದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ ಮೂಲರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಗಳಿಗೆ ಮಾತ್ರ. ನಮಗೆ ಬಸದಿಗೆ ಹೋಗಲು ಕಾರು ಬೇಕು. ಆದುದರಿಂದ ನಾವು ಆ ಗೋಜಿಗೆ ಹೋಗಲಿಲ್ಲ.

ನಾಲ್ಕೂ ಬಾಗಿಲು ಕೂಡಿಸಲು ಮೇಸ್ತ್ರಿಯವರಿಗೆ 11 ದಿನ ಹಿಡಿಯಿತು. ಬಣ್ಣ ಎರಡು ಕಡೆ ಕೆತ್ತಿಹೋಯಿತು. ಸರಿಮಾಡಿಸದೆ ಹಾಗೇ ಬಿಟ್ಟಿದ್ದೇವೆ. ಈಗ ಹೊರಡುವ ಮೊದಲು ಮೊಮ್ಮಗನೇ ಬಾಗಿಲು ಹಾಕಿ, "ಎರಡು ಕೇಳಿತು ಅಜ್ಜ" ಎಂದ ಮೇಲಷ್ಟೇ ನಾವು ಕೀಲಿ ತಿರುಗಿಸುವುದು.