ಕೆ. ಎಸ್. ಅಶ್ವಥ್

ಕೆ. ಎಸ್. ಅಶ್ವಥ್ (25 ಮಾರ್ಚ್ 1925 – 18 ಜನವರಿ 2010) ಕನ್ನಡ ಚಲನಚಿತ್ರರಂಗದ ಅಗ್ರಗಣ್ಯ ಪೋಷಕ ನಟರಲ್ಲೊಬ್ಬರು. ಪೂರ್ಣ ಹೆಸರು ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ. ಸುಗಮ ಸಂಗೀತದ ಗಾಯಕ ಸಿ. ಅಶ್ವಥ್ ಬೇರೆಯವರು.

ರಂಗಭೂಮಿಯಿಂದ ಚಿತ್ರರಂಗಕ್ಕೆ

ಮೈಸೂರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಅಶ್ವಥ್ ಹವ್ಯಾಸಿ ರಂಗಭೂಮಿಯಲ್ಲಿಯೂ ಆಕಾಶವಾಣಿಯ ನಾಟಕಗಳಲ್ಲಿಯೂ ಅಭಿನಯಿಸುತ್ತಿದ್ದರು. ಮುಖ ಕಾಣದ ಬಾನುಲಿ ನಾಟಕದಲ್ಲಿ ಭಾವವನ್ನೆಲ್ಲ ಧ್ವನಿಯೇ ಹೊರಬೇಕು. ಮುಂದೆ ತೆರೆಯ ಮೇಲೆ ಅವರ ಮಾತಿಗೆ ಬಂದ ಸ್ಪಷ್ಟತೆ ಮತ್ತು ತೂಕಕ್ಕೆ ಈ ಅಭ್ಯಾಸವೂ ಕಾರಣವಾಗಿರಬೇಕು. ನಿರ್ದೇಶಕ ಕೆ. ಸುಬ್ರಹ್ಮಣ್ಯಂ ಅವರ ‘ಸ್ತ್ರೀರತ್ನ’ (1955) ಚಿತ್ರದ ನಾಯಕರಾಗಿ ಅವರು ಚಿತ್ರರಂಗವನ್ನು ಪ್ರವೇಶಿಸಿದರು.

ನಾಯಕನ ಪಾತ್ರಗಳು ಮುಂದುವರಿಯಲಿಲ್ಲ. ಪೌರಾಣಿಕ ಚಿತ್ರಗಳಲ್ಲಿ ನಾರದರಾಗಿ, ಸಾಮಾಜಿಕ ಚಿತ್ರಗಳಲ್ಲಿ ತಂದೆ, ಅಣ್ಣ, ಸೇವಕರಾಗಿ ಅವರು ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ರಾಜ್‌ಕುಮಾರ್ ಅವರಿಗಿಂತ ಕೇವಲ ನಾಲ್ಕು ವರ್ಷ ಹಿರಿಯರಾಗಿದ್ದರೂ ಅವರೆದುರು ಹಿರಿಯರ ಪಾತ್ರಗಳನ್ನು ನಿರ್ವಹಿಸಿದರು. ‘ಕಸ್ತೂರಿ ನಿವಾಸ’ದಲ್ಲಿ (1971) ಸಿರಿಯಿದ್ದಾಗಲೂ ಬಡತನ ಬಂದಾಗಲೂ ಒಡೆಯನನ್ನು ಬಿಡದ ಸೇವಕ ರಾಮಯ್ಯನ ಪಾತ್ರ ಅವರದು. ಪಂಢರಿಬಾಯಿ ಅನೇಕ ಚಿತ್ರಗಳಲ್ಲಿ ಅವರಿಗೆ ಜೋಡಿಯಾಗಿದ್ದರು.

ಚಾಮಯ್ಯ ಮೇಷ್ಟ್ರು

ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ (1972) ಅಶ್ವಥ್ ಅವರನ್ನು ಮನೆಮಾತಾಗಿಸಿತು. ಕಥೆ ನಡೆಯುವುದು ಚಿತ್ರದುರ್ಗದಲ್ಲಿ. ಊರೆಲ್ಲ ಪುಂಡನೆಂದು ದೂರವಿಟ್ಟ ರಾಮಾಚಾರಿಯನ್ನು (ವಿಷ್ಣುವರ್ಧನ್) ಅರಿತು ಪ್ರೀತಿಸುವವರು ಚಾಮಯ್ಯ ಮೇಷ್ಟ್ರು ಮತ್ತು ಅವರ ಪತ್ನಿ ತುಂಗಮ್ಮ (ಲೀಲಾವತಿ).

ಈ ಪಾತ್ರವನ್ನು ಆದರ್ಶ ಗುರುವಿನ ಚಿತ್ರವೆಂದಷ್ಟೇ ಕಾಣುವುದು ರೂಢಿ. ಅದು ಅರ್ಧಸತ್ಯ. ಜಾತಿಯ ಕಾರಣಕ್ಕೆ ಅಲಮೇಲುವನ್ನು ತೊರೆಯುವಂತೆ ರಾಮಾಚಾರಿಯನ್ನು ಒಪ್ಪಿಸುವವರೂ ಇದೇ ಮೇಷ್ಟ್ರು. ಶಿಷ್ಯನು ತಮ್ಮ ಮೇಲಿಟ್ಟ ಭಕ್ತಿಯನ್ನೇ ಅವರು ಇದಕ್ಕೆ ಬಳಸಿಕೊಳ್ಳುತ್ತಾರೆ. ಇಬ್ಬರ ಬದುಕೂ ಹಾಳಾಗುತ್ತದೆ. ಕೊನೆಗೆ ಮಾರ್ಗರೆಟ್‌ಳ ವಿಷಯದಲ್ಲಿಯೂ ಅವರು ಅಡ್ಡ ನಿಂತಾಗ ಶಿಷ್ಯನ ಕೈಯಿಂದಲೇ ಬೆಟ್ಟದಿಂದ ಉರುಳುತ್ತಾರೆ. ಮೇಷ್ಟ್ರು ಕೆಟ್ಟವರೆಂದು ಪ್ರೇಕ್ಷಕನಿಗೆ ಒಮ್ಮೆಯೂ ಅನಿಸದಂತೆ, ಆದರೆ ಅವರ ತಪ್ಪೂ ಮರೆಯಾಗದಂತೆ ಅಶ್ವಥ್ ಅಭಿನಯಿಸಿದ್ದಾರೆ. ಪಾತ್ರದ ಕಷ್ಟವಿದ್ದುದು ಇಲ್ಲಿ. ಈ ಅಭಿನಯಕ್ಕೆ ಅವರಿಗೆ ಅತ್ಯುತ್ತಮ ಪೋಷಕ ನಟ ರಾಜ್ಯ ಪ್ರಶಸ್ತಿ ದೊರೆಯಿತು.

ನಿವೃತ್ತಿ ಮತ್ತು ನಿಧನ

ಪೋಷಕ ನಟರ ಜೀವನ ಚಿತ್ರದಿಂದ ಚಿತ್ರಕ್ಕೆ ದೊರೆಯುವ ಸಂಭಾವನೆಯನ್ನೇ ಅವಲಂಬಿಸಿತ್ತು. ನಾಲ್ಕು ದಶಕ ದುಡಿದ ಅಶ್ವಥ್ 1995ರಲ್ಲಿ ನಿವೃತ್ತಿ ಘೋಷಿಸಿ ಮೈಸೂರಿನಲ್ಲಿ ಸರಳವಾಗಿ ಬದುಕಿದರು. ಆ ಬಳಿಕ ರಾಜ್‌ಕುಮಾರ್ ಅವರ ‘ಶಬ್ದವೇಧಿ’ಯಲ್ಲಿ (2000) ಕಾಣಿಸಿಕೊಂಡರು. ಡಾ. ರಾಜ್‌ಕುಮಾರ್ ಪ್ರಶಸ್ತಿಯೂ ಅವರಿಗೆ ಸಂದಿದೆ.

ತೆರೆಯ ಮೇಲಿನ ಶಿಷ್ಯ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ನಿಧನರಾದರು. ಹತ್ತೊಂಬತ್ತು ದಿನಗಳ ನಂತರ ಅಶ್ವಥ್ ಮೈಸೂರಿನಲ್ಲಿ ಕೊನೆಯುಸಿರೆಳೆದರು. ಅವರ ಪುತ್ರ ಶಂಕರ್ ಅಶ್ವಥ್ ಸಹ ನಟರು.