ಸುರುಳಿ ಹಿರಿದಾದರೆ ಚಿನ್ನ ಸಿಕ್ಕೀತೆ?

ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿ ಕಿಂಗೋವರ್ ಎಂಬುದೊಂದು ಪುಟ್ಟ ಊರು. 1980ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಲೋಹಶೋಧಕ ಯಂತ್ರ ಹಿಡಿದು ಅಲೆಯುತ್ತಿದ್ದ ಒಬ್ಬಾತನಿಗೆ ನೆಲದಿಂದ ಸುಮಾರು ಒಂದಡಿ ಕೆಳಗೆ 27 ಕಿಲೋಗ್ರಾಂಗೂ ಮಿಕ್ಕಿದ ಚಿನ್ನದ ಗಟ್ಟಿ ಸಿಕ್ಕಿತು. ‘ಹ್ಯಾಂಡ್ ಆಫ್ ಫೇತ್’ ಎಂದು ಹೆಸರಾದ ಅದನ್ನು ಲಾಸ್ ವೇಗಾಸ್‌ನ ಜೂಜುಕೇಂದ್ರವೊಂದು ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. 1850ರ ದಶಕದಲ್ಲಿ ಸಾವಿರಾರು ಜನ ಗುದ್ದಲಿ ಹಿಡಿದು ಅಗೆದು ಬಿಟ್ಟುಹೋಗಿದ್ದ ಸೀಮೆ ಅದು. ಅಷ್ಟು ಜನರ ಕಾಲಡಿಯಲ್ಲಿ ಅಷ್ಟು ದೊಡ್ಡ ಗಟ್ಟಿ ಉಳಿದಿತ್ತೆಂದ ಮೇಲೆ, ಇನ್ನೂ ಸ್ವಲ್ಪ ಆಳಕ್ಕೆ ‘ನೋಡಿದರೆ’ ಇನ್ನೆಷ್ಟು ಇದ್ದೀತು? ಈ ಆಸೆಯೇ ಹಲವರ ಕೈಯಲ್ಲಿ ದೊಡ್ಡ ದೊಡ್ಡ ಸುರುಳಿಗಳನ್ನು ಕೊಳ್ಳಿಸಿದೆ. ಸುರುಳಿ ದೊಡ್ಡದಾದಷ್ಟೂ ಆಳ ಹೆಚ್ಚು ಎಂಬ ಮಾತು ಸುಳ್ಳಲ್ಲ. ಆದರೆ ಅರ್ಧ ಸತ್ಯ.

ಯಂತ್ರದ ಕೋಲಿನ ತುದಿಯಲ್ಲಿರುವ ಚಪ್ಪಟೆ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ವಿದ್ಯುತ್ತು ಏರಿಳಿದಾಗ ಸುತ್ತ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಕೆಳಗೆ ಲೋಹವಿದ್ದರೆ ಅದರೊಳಗೆ ಸುಳಿಯಂತೆ ವಿದ್ಯುತ್ತು ಹರಿದು, ಅದು ತನ್ನದೇ ಸಣ್ಣ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಯಂತ್ರ ಕೇಳಿಸಿಕೊಳ್ಳುವುದು ಈ ಮರುದನಿಯನ್ನು. ಹೋಗುವಾಗಲೂ ಬರುವಾಗಲೂ ಬಲ ಕುಗ್ಗುತ್ತದೆ. ಸುರುಳಿಯ ಅಗಲಕ್ಕಿಂತ ಬಹಳ ದೂರದಲ್ಲಿರುವ ವಸ್ತುವಿನ ಆಳ ಎರಡರಷ್ಟಾದರೆ ಮರುದನಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಾಲ್ಕಾರು ಅಂಗುಲ ಹೆಚ್ಚು ಆಳಕ್ಕಾಗಿ ಇಷ್ಟೊಂದು ಪರದಾಟ ಏಕೆಂಬುದಕ್ಕೆ ಈ ಲೆಕ್ಕವೇ ಉತ್ತರ.

ಎಂಟು ಅಂಗುಲ ಅಗಲದ್ದೊಂದು, ಹದಿನಾರು ಅಂಗುಲದ್ದೊಂದು ಸುರುಳಿ ತೆಗೆದುಕೊಳ್ಳೋಣ. ಎರಡಕ್ಕೂ ಅಷ್ಟೇ ಸುತ್ತು, ಅಷ್ಟೇ ವಿದ್ಯುತ್ತು. ನಡುಮಧ್ಯದ ಕೆಳಗೆ ಎರಡು ಅಂಗುಲ ಆಳದಲ್ಲಿ ಚಿಕ್ಕ ಸುರುಳಿಯ ಕ್ಷೇತ್ರವೇ ಸುಮಾರು ಒಂದೂವರೆ ಪಟ್ಟು ಬಲವಾದದ್ದು. ಹೋಗಿಬರುವ ಎರಡೂ ದಾರಿ ಲೆಕ್ಕಹಾಕಿದರೆ ಮರುದನಿ ಎರಡೂವರೆ ಪಟ್ಟಿನಷ್ಟು. ಹದಿನಾರು ಅಂಗುಲ ಆಳಕ್ಕೆ ಇಳಿದರೆ ಆಟ ತಿರುಗುಮುರುಗು. ಅಲ್ಲಿ ದೊಡ್ಡದರ ಕ್ಷೇತ್ರ ಮೂರು ಪಟ್ಟು, ಮರುದನಿ ಹತ್ತಿರ ಹತ್ತಿರ ಹತ್ತು ಪಟ್ಟು! ಹಾಗೆಂದು ಅಗಲ ದ್ವಿಗುಣಗೊಂಡರೆ ಆಳವೂ ದ್ವಿಗುಣವಾಗುವುದಿಲ್ಲ. ಕಾಗದದ ಮೇಲಿನ ಗರಿಷ್ಠ ಲಾಭವೇ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು; ನೆಲದ ಮೇಲೆ ಅದೂ ದಕ್ಕುವುದಿಲ್ಲ.

ದಕ್ಕದಿರಲು ಕಾರಣ ಮಣ್ಣು. ಚಿನ್ನದ ಸೀಮೆಗಳಲ್ಲಿ ಸಾಮಾನ್ಯವಾಗಿ ಕಬ್ಬಿಣದ ಅಂಶ ತುಂಬಿದ ಕೆಮ್ಮಣ್ಣು, ಕಲ್ಲು. ಅದೂ ಯಂತ್ರಕ್ಕೆ ಉತ್ತರ ಕೊಡುತ್ತದೆ. ದೊಡ್ಡ ಸುರುಳಿ ಒಮ್ಮೆಗೇ ಹೆಚ್ಚು ಮಣ್ಣನ್ನು ‘ನೋಡುವುದರಿಂದ’ ಗದ್ದಲವೂ ಹೆಚ್ಚು. ಸಮೀಪದ ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆಯನ್ನೂ ಅದೇ ಹೆಚ್ಚು ಹಿಡಿಯುತ್ತದೆ. ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಳ್ಳುವ ಪಾಡು. ಜೊತೆಗೆ ತೂಕ. ಒಂದು ಹೊತ್ತು ಬೀಸಿದರೆ ತೋಳು ಸೋಲುತ್ತದೆ, ಸೋತ ತೋಳು ತಟ್ಟೆಯನ್ನು ನೆಲದಿಂದ ಎತ್ತರಕ್ಕೆ ಹಿಡಿಯುತ್ತದೆ, ಗಳಿಸಿದ ಆಳ ಅಲ್ಲೇ ಸೋರಿಹೋಗುತ್ತದೆ.

ನಿಜವಾದ ನಷ್ಟ ಬೇರೆ. ಹಾಗೆ ಹುಡುಕುವವರಿಗೆ ಸಿಗುವ ಚಿನ್ನದಲ್ಲಿ ಬಹುಪಾಲು ಗ್ರಾಂ ಲೆಕ್ಕದ್ದು, ಮೇಲುಮಣ್ಣಿನದು. ಗುಲಗಂಜಿ ತೂಕದ ಚೂರಿನಲ್ಲಿ ಸುಳಿವಿದ್ಯುತ್ತು ಹುಟ್ಟಿದ ಗಳಿಗೆಯಲ್ಲೇ ಅಳಿಯುತ್ತದೆ. ಅಂಥದ್ದರ ಮೇಲೆ ದೊಡ್ಡ ಸುರುಳಿ ಸದ್ದಿಲ್ಲದೆ ಹಾದುಹೋಗಬಹುದು. ಆಳದ ಗಟ್ಟಿಯ ಆಸೆಗೆ ದೊಡ್ಡದನ್ನು ಕೊಂಡವನು ಕಾಲಡಿಯ ಚೂರುಗಳನ್ನು ಕಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಅಷ್ಟಕ್ಕೂ ಕಿಂಗೋವರಿನ ಗಟ್ಟಿ ಇದ್ದದ್ದು ಒಂದೇ ಅಡಿ ಆಳದಲ್ಲಿ. 1869ರಲ್ಲಿ ಅದೇ ರಾಜ್ಯದ ಮೋಲಿಯಾಗುಲ್‌ನಲ್ಲಿ ಸಿಕ್ಕ, ಅದಕ್ಕಿಂತಲೂ ದೊಡ್ಡದಾದ ‘ವೆಲ್ಕಮ್ ಸ್ಟ್ರೇಂಜರ್’ ಗಟ್ಟಿಯಂತೂ ನೆಲದಿಂದ ಕೆಲವೇ ಸೆಂಟಿಮೀಟರ್ ಕೆಳಗಿತ್ತು. ಅದಕ್ಕೆ ಯಂತ್ರವೇ ಬೇಕಾಗಲಿಲ್ಲ.

ಸುರುಳಿಯ ಕೆಳಗೆ ಇಲ್ಲದ್ದನ್ನು ಯಾವ ಯಂತ್ರವೂ ಹೇಳದು. 1881ರಲ್ಲಿ ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ರ ಮೈಯಲ್ಲಿ ಗುಂಡು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇದೇ ತತ್ವದ ಸಾಧನ ತಂದಿದ್ದರು. ವೈದ್ಯರು ಹೇಳಿದ ಬಲಪಕ್ಕವನ್ನೇ ಜಾಲಾಡಿದರು, ಗುಂಡಿದ್ದದ್ದು ಎಡಕ್ಕೆ. ಸಾಲದ್ದಕ್ಕೆ ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳ ಗೊಂದಲ ಬೇರೆ.

ನಮ್ಮ ಕೋಲಾರದ ಗಣಿಯಲ್ಲಿ ಈ ಯಂತ್ರ ಏನು ಮಾಡೀತು ಎಂಬ ಕುತೂಹಲ ಸಹಜ. 2001ರಲ್ಲಿ ಮುಚ್ಚುವ ಹೊತ್ತಿಗೆ ಆ ಗಣಿ 3 ಕಿ.ಮೀ.ಗೂ ಹೆಚ್ಚು ಆಳ ಇಳಿದಿತ್ತು, ಚಿನ್ನ ಬೆಣಚುಕಲ್ಲಿನೊಳಗೆ ಸಣ್ಣ ಕಣಗಳಾಗಿ ಹರಡಿತ್ತು. ಎಷ್ಟು ಅಗಲದ ಸುರುಳಿಯಾದರೂ ಅಲ್ಲಿ ಮೂಕ.

ವಿಕ್ಟೋರಿಯಾದ ಅನುಭವಸ್ಥರು ಎರಡೂ ಬಗೆಯ ಸುರುಳಿ ಒಯ್ಯುತ್ತಾರೆ. ದೊಡ್ಡದರಿಂದ ಬಯಲನ್ನು ಜಾಲಾಡಿ, ಒಂದು ಗಟ್ಟಿ ಸಿಕ್ಕ ಜಾಗದಲ್ಲಿ ಚಿಕ್ಕದನ್ನು ಜೋಡಿಸಿ ಅಂಗುಲ ಅಂಗುಲ ತಡವುತ್ತಾರೆ. ಬಹಳ ಸಲ ಸಿಗುವುದು ತುಕ್ಕು ಹಿಡಿದ ಮೊಳೆ, ಬಂದೂಕಿನ ಸೀಸದ ಗುಂಡು. ಹುಡುಕಲು ಬೇಕಾದ ಪರವಾನಗಿಗೆ ಇಂದಿಗೂ 1855ರದೇ ಹೆಸರು, ‘ಮೈನರ್ಸ್ ರೈಟ್’. ಸಿಕ್ಕಿದ ಚಿನ್ನ ಅದನ್ನು ಹೊಂದಿದವನದು, ಅಗೆದ ಗುಂಡಿ ಮುಚ್ಚುವ ಹೊಣೆಯೂ ಅವನದೇ.