ಮನೆಯಲ್ಲಿ ವಿಜ್ಞಾನ: ತಪ್ಪು ಕಲ್ಪನೆ ಮತ್ತು ಸತ್ಯ

ಪ್ರೌಢಶಾಲೆಯ ವಿದ್ಯಾರ್ಥಿಗಳು ಮನೆಯಲ್ಲಿ ವಿಜ್ಞಾನವನ್ನು ಅಭ್ಯಾಸ ಮಾಡುವುದೆಂದರೆ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡುವುದೆಂಬ ಭಾವನೆ ಬೇರೂರಿದೆ. ಅದಕ್ಕೆ ಆಧಾರವಾಗಿರುವ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯ.

ತಪ್ಪು ಕಲ್ಪನೆ: ಪ್ರಯೋಗಾಲಯವಿಲ್ಲದೆ ನಿಜವಾದ ಪ್ರಯೋಗ ಸಾಧ್ಯವಿಲ್ಲ.

ಸತ್ಯ: ಬೀಳುವ ವಸ್ತುವಿನ ವೇಗವು ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದನ್ನು ಸೂಚಿಸುವ ಗುರುತ್ವ ವೇಗೋತ್ಕರ್ಷವನ್ನು ದಾರ, ಕಲ್ಲು, ಅಳತೆಪಟ್ಟಿ ಮತ್ತು ಮೊಬೈಲಿನ ಸ್ಟಾಪ್‌ವಾಚ್‌ಗಳಿಂದಲೇ ಕಂಡುಹಿಡಿಯಬಹುದು. ದಾರದಲ್ಲಿ ತೂಗಾಡುವ ಕಲ್ಲೇ ಲೋಲಕ. ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಮರಳಲು ಹಿಡಿಯುವ ಕಾಲವೇ ಆಂದೋಲನಾವಧಿ. ದಾರ ಕಟ್ಟಿದ ಬಿಂದುವಿನಿಂದ ಕಲ್ಲಿನ ನಡುಭಾಗದವರೆಗೆ 1 ಮೀಟರ್ ಉದ್ದವಿದ್ದು, ತೂಗಾಟ ಕಿರಿದಾಗಿದ್ದರೆ, 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ಹಿಡಿಯುತ್ತದೆ. ಮೀಟರಿನಲ್ಲಿರುವ ಉದ್ದವನ್ನು 39.5ರಿಂದ, ಅಂದರೆ ಪೈ ವರ್ಗದ ನಾಲ್ಕರಷ್ಟರಿಂದ ಗುಣಿಸಿ, ಒಂದು ಆಂದೋಲನಾವಧಿಯ ವರ್ಗದಿಂದ ಭಾಗಿಸಿದರೆ ಪಠ್ಯಪುಸ್ತಕದ 9.8ಕ್ಕೆ ಸಮೀಪದ ಸಂಖ್ಯೆ ದೊರೆಯುತ್ತದೆ. ಉದ್ದವನ್ನು ಅಷ್ಟೇ ಉಳಿಸಿಕೊಂಡು ಹೆಚ್ಚು ಭಾರದ ಕಲ್ಲನ್ನು ಕಟ್ಟಿದರೂ ಅವಧಿ ಬದಲಾಗುವುದಿಲ್ಲ.

ತಪ್ಪು ಕಲ್ಪನೆ: ಪುಸ್ತಕದ ಉತ್ತರ ಬಾರದಿದ್ದರೆ ಪ್ರಯೋಗ ವಿಫಲ.

ಸತ್ಯ: ಯಾವ ಅಳತೆಯೂ ದೋಷಮುಕ್ತವಲ್ಲ. ಗಡಿಯಾರ ನಿಲ್ಲಿಸುವಾಗ 0.2 ಸೆಕೆಂಡು ತಡವಾದರೆ, ಒಂದೇ ಆಂದೋಲನವನ್ನು ಅಳೆದಾಗ ಅವಧಿಯಲ್ಲಿ ಶೇ. 10ರಷ್ಟು ತಪ್ಪಾಗುತ್ತದೆ, 20 ಆಂದೋಲನಗಳನ್ನು ಒಟ್ಟಿಗೆ ಅಳೆದಾಗ ಅದು ಶೇ. 0.5ಕ್ಕೆ ಇಳಿಯುತ್ತದೆ. ಇಂತಹ ವ್ಯತ್ಯಾಸಕ್ಕೆ ಕಾರಣ ಹುಡುಕಿ ದಾಖಲಿಸುವುದೂ ಪ್ರಯೋಗದ ಭಾಗವೇ ಆಗಿದೆ.

ತಪ್ಪು ಕಲ್ಪನೆ: ಮತ್ತೆ ಮತ್ತೆ ಓದಿದರೆ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆ.

ಸತ್ಯ: ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮರುಓದಿದವರು ಮುಂದಿದ್ದರೂ, ಒಂದು ವಾರದ ಬಳಿಕ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರೇ ಹೆಚ್ಚು ಉಳಿಸಿಕೊಂಡಿದ್ದರು.

ತಪ್ಪು ಕಲ್ಪನೆ: ಮನೆಬಳಕೆಯ ವಸ್ತುಗಳಿಂದ ಅಪಾಯವಿಲ್ಲ.

ಸತ್ಯ: ಸಾಬೂನು ತಾಗಿದಾಗ ಕೆಂಪಾಗಿ ಪ್ರತ್ಯಾಮ್ಲವನ್ನು ಗುರುತಿಸಿಕೊಡುವ ಅರಿಶಿನ ನಿರಪಾಯಕಾರಿ, ಆದರೆ ಬ್ಲೀಚಿಂಗ್ ಪುಡಿಗೆ ಶೌಚಾಲಯ ಶುಚಿಗೊಳಿಸುವ ಆಮ್ಲ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಆದ್ದರಿಂದ ಇವೆರಡನ್ನು ಎಂದಿಗೂ ಬೆರೆಸಬಾರದು.

ತಪ್ಪು ಕಲ್ಪನೆ: ಇಂಗ್ಲಿಷ್ ಬಾರದವರಿಗೆ ವಿಜ್ಞಾನ ದಕ್ಕದು.

ಸತ್ಯ: ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು 1918ರಷ್ಟು ಹಿಂದೆಯೇ ಹೊರತಂದಿದ್ದರು, ಮುಂದೆ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ರಚಿಸಿದರು. ತಿಳಿದ ಭಾಷೆಯಲ್ಲಿ ಪರಿಕಲ್ಪನೆ ಸ್ಪಷ್ಟವಾದ ಮೇಲೆ ಪಾರಿಭಾಷಿಕ ಪದಗಳನ್ನು ಕಲಿಯುವುದು ಕಷ್ಟವಲ್ಲ.

ಪೋಷಕರು ಮಕ್ಕಳಿಗೆ ದುಬಾರಿ ಕಿಟ್‌ಗಳನ್ನು ಕೊಡಿಸುವ ಮೊದಲು ಅಳತೆಪಟ್ಟಿಯನ್ನೂ ಒಂದು ನೋಟ್‌ಪುಸ್ತಕವನ್ನೂ ಕೊಟ್ಟು, ಅಳೆದದ್ದನ್ನೆಲ್ಲ ದಿನಾಂಕದೊಡನೆ ಬರೆದಿಡುವಂತೆ ಪ್ರೋತ್ಸಾಹಿಸಬೇಕು.